ಸತ್ತ ಮೇಲೆ ದುಡಿದವಳು

ಸೀತು ಸತ್ತು ಹನ್ನೆರಡು ವರ್ಷವಾದ ಮೇಲೆ ತೆಕ್ಕಟ್ಟೆ ಪೇಟೆಯ ಗೋಡೆಯಲ್ಲಿ ಅವಳ ಹೆಸರು ಬಂತು. ಬದುಕಿದ್ದಾಗ ಅವಳ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಯಾರೂ ಬರೆದಿರಲಿಲ್ಲ. ಸೊಸೈಟಿಯ ಬಾಗಿಲ ಪಕ್ಕದಲ್ಲಿ, ಚಿನ್ನದ ಸಾಲಕ್ಕೆ ಬಡ್ಡಿ ಎಷ್ಟೆಂದು ಸಾರುವ ಬೋರ್ಡಿನ ಕೆಳಗೆ, ಒಂದು ಪಟ್ಟಿ ಅಂಟಿಸಿದ್ದರು. ಮೇಲೆ ಕೆಂಪಕ್ಷರದಲ್ಲಿ ‘ನಿಮ್ಮ ಹಣ ನಿಮ್ಮ ಕೈಗೆ’ ಎಂದಿತ್ತು. ಕೆಳಗೆ, ಹಣ ಇಟ್ಟು ಮರೆತವರ ಹೆಸರುಗಳು. ಇಟ್ಟು ಮರೆಯುವಷ್ಟು ಹಣ ಕಂಡವರು ಆ ಪಟ್ಟಿಯಲ್ಲಿ ಒಬ್ಬರೂ ಇರಲಿಲ್ಲ.

ಸೀತುವಿನ ಮಗಳು ಅಮಿತಾ ತಲೆಯ ಮೇಲಿದ್ದ ಮೀನಿನ ಬುಟ್ಟಿ ಇಳಿಸಿ ನಿಂತು ಓದಿದಳು. ಅವಳು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಓದು ಬಿಟ್ಟಿರಲಿಲ್ಲ. ಮೀನು ಕಟ್ಟುವ ಹಳೆ ಪೇಪರನ್ನು ಮೊದಲು ಓದಿ, ಆಮೇಲೆ ಅದರಲ್ಲಿ ಬಂಗುಡೆ ಸುತ್ತುವವಳು. ಆದರೆ ಜನರೆದುರು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಪೇಟೆಯಲ್ಲಿ ಕೂಗಿ ಮಾರುವುದು ಅವಳ ಚಿಕ್ಕಿ ಜಲಜ, ಸೀತುವಿನ ತಂಗಿ. ಅಮಿತಾ ತೂಗಿ, ಕೊಯ್ದು, ಕಟ್ಟಿ ಕೊಡುತ್ತಿದ್ದಳು.

“ಎಂತ ಹೆಣ್ಣೆ ಅಷ್ಟೊತ್ತ್ ಕಾಂಬುದ್? ನಿಂಗ್ ಗಂಡ್ ಬಂತಂದೇಳಿ ಬರ್ದಿರ್‍ಯಾ?” ಎಂದು ಜಲಜ ಕೇಳಿದಳು.

“ಅಬ್ಬಿ ಹೆಸ್ರ್ ಇತ್ತ್.”

“ಯಾರ್ ಅಬ್ಬಿ?”

“ನನ್ನ ಅಬ್ಬಿ. ಎಂಬತ್ತೊಂದ್ ಸಾವ್ರ ಇತ್ತಂಬ್ರ್.”

ಜಲಜ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟಳು. “ಸೀತಕ್ಕಂಗಾ? ಅವ್ಳ್ ಸಾಯುವತಿಗೆ ಆಸ್ಪತ್ರಿ ಬಿಲ್ಲಿಗೆ ನನ್ನ ಬೆಂಡೋಲೆ ಅಡ ಇಟ್ಟದ್ದ್. ಎಂಬತ್ತೊಂದ್ ಸಾವ್ರ ಮಡಿಕಂಡ್ ಸತ್ಲಾ ಅವ್ಳ್?”

ಆ ಹಣದಲ್ಲಿ ಹೆಚ್ಚಿನದು ತಾಯಿಯದಲ್ಲವೆಂದು ಅಮಿತಾಳಿಗೆ ಗೊತ್ತಿತ್ತು. ಅದು ತನ್ನದು.

ಗೋವರ್ಧನ ಧಣಿಗಳ ಗೇರುಬೀಜದ ಫ್ಯಾಕ್ಟರಿಯಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿ ಮನುಷ್ಯರು ಸಾಯುತ್ತಿದ್ದರು, ಹೆಸರು ಸಾಯುತ್ತಿರಲಿಲ್ಲ. ತಾಯಿಯ ಕಿವಿಯೋಲೆ ಮಗಳಿಗೆ ಬರುವ ಹಾಗೆ ತಾಯಿಯ ಹೆಸರಿನ ಹಾಜರಿ ಟೋಕನ್ ಮಗಳಿಗೆ ಬರುತ್ತಿತ್ತು. ಅತ್ತೆಯದು ಸೊಸೆಗೆ. ಹೊಸ ಹೆಸರು ಬರೆದರೆ ವಯಸ್ಸು ಕೇಳಬೇಕು, ಸರ್ಕಾರಕ್ಕೆ ತಿಳಿಸಬೇಕು. ಹಳೆ ಹೆಸರು ಮುಂದುವರಿಸಿದರೆ ಆ ತೊಂದರೆ ಇಲ್ಲ. ಹೆಂಗಸರಿಗೂ ಅದು ತಪ್ಪೆನ್ನಿಸಿರಲಿಲ್ಲ. ಟೋಕನ್ ಕೈತಪ್ಪಿದರೆ ಇನ್ಯಾರದೋ ಪಾಲಾದೀತೆಂಬ ಹೆದರಿಕೆ ಮಾತ್ರ ಇತ್ತು. ಹಾಸಿಗೆ ಹಿಡಿದವರು ಟೋಕನ್ ಯಾರಿಗೆಂದು ಹೇಳಿ ಕಣ್ಣು ಮುಚ್ಚುತ್ತಿದ್ದರು.

ಸೀತುವಿಗೆ ಹೇಳುವಷ್ಟು ಹೊತ್ತಿರಲಿಲ್ಲ. ಜ್ವರ ಬಂತು, ಕುಂದಾಪುರದ ಆಸ್ಪತ್ರೆಗೆ ಹಾಕಿದರು, ಜೀವ ಹೋಯಿತು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಬಂದ, ಫ್ಯಾಕ್ಟರಿಯ ಲೆಕ್ಕ ಬರೆಯುವ ರೈಟರ್ ಪ್ರೇಮಾನಂದ ಎಲೆಯ ಮುಂದೆ ಕುಳಿತೇ ವಿಷಯ ತೆಗೆದ.

“ಹೆಣ್ಣ್ ಎಷ್ಟನೇ ಕ್ಲಾಸ್?”

“ಎಂಟ್” ಎಂದಿದ್ದಳು ಜಲಜ.

“ಸಾಕಲ್ದಾ. ಸೀತು ಹೆಸ್ರ್ ಹಾಂಗೇ ಇರ್ಲಿ, ತೆಗುದ್ ಬ್ಯಾಡ. ಸೋಮವಾರದಿಂದ ಇವ್ಳನ್ನ್ ಕಳ್ಸಿ. ಇತ್ಲಾಗ್ ಒಂಚೂರ್ ಸಾರ್ ತನ್ನಿ.”

ಸಾರು ಬಂತು. ಸೋಮವಾರವೂ ಬಂತು. ಅಮಿತಾಳಿಗೆ ಆಗ ಹದಿಮೂರು ತುಂಬಿ ಹದಿನಾಲ್ಕು ನಡೆಯುತ್ತಿತ್ತು. ಬೆಳಿಗ್ಗೆ ಪ್ರೇಮಾನಂದ ಹಾಜರಿ ಕರೆಯುವಾಗ ‘ಸೀತು’ ಎಂದರೆ ಅವಳು ಕೈ ಎತ್ತಬೇಕು. ಮೊದಲ ದಿನ ಎತ್ತಲಿಲ್ಲ. ತಾಯಿ ಎಲ್ಲೋ ಹಿಂದೆ ಕುಳಿತಿರಬಹುದೆಂದು ತಿರುಗಿ ನೋಡಿದಳು. ಹೆಂಗಸರು ತಲೆ ತಗ್ಗಿಸಿದರು. ಪ್ರೇಮಾನಂದ ನಕ್ಕ.

ಕಾಲಲ್ಲಿ ಒತ್ತುವ ಕಟಿಂಗ್ ಮಿಷನ್ನು. ಬೀಜ ಇಡಬೇಕು. ಕಾಲು ಒತ್ತಬೇಕು. ಸಿಪ್ಪೆ ಬಿಡಿಸಬೇಕು. ಒಳಗಿನ ಬೀಜ ಇಡಿಯಾಗಿ ಬರಬೇಕು. ತುಂಡಾದರೆ ಕೂಲಿ ಕಡಿಮೆ. ಸಿಪ್ಪೆಯಿಂದ ಗೇರೆಣ್ಣೆ ಚಿಮ್ಮುತ್ತದೆ. ತಾಗಿದಲ್ಲಿ ಚರ್ಮ ಸುಟ್ಟು ಕಪ್ಪಾಗುತ್ತದೆ, ಆಮೇಲೆ ಸುಲಿಯುತ್ತದೆ. ಕೈಗೆ ಬೂದಿ ಬಳಿದುಕೊಂಡು ಕೂರುತ್ತಿದ್ದರು. ಬೂದಿಗೂ ಒಂದು ಮಿತಿ ಇದೆ. ಮೊದಲ ವಾರ ಬೆರಳು ಊದಿ ಅನ್ನ ಕಲಸಲಾಗಲಿಲ್ಲ. ಜಲಜ ತುತ್ತು ಮಾಡಿ ಬಾಯಿಗಿಟ್ಟಳು. ಮುಟ್ಟಾದ ದಿನ ಸೊಂಟ ಹಿಡಿದುಕೊಂಡು ಒತ್ತಬೇಕು. ಎದ್ದು ಹೋದರೆ ತೂಕ ಬೀಳುತ್ತದೆ. ಸಂಜೆ ತಕ್ಕಡಿಯ ಹತ್ತಿರ ನಿಂತು ಪ್ರೇಮಾನಂದ ಹೇಳುವ ತೂಕವೇ ತೂಕ.

ತನಿಖೆಯವರು ಬರುವ ದಿನ ಅವನಿಗೆ ಮೊದಲೇ ತಿಳಿದಿರುತ್ತಿತ್ತು. ಆ ದಿನ ಅಮಿತಾಳನ್ನು ಸಿಪ್ಪೆ ತುಂಬಿದ ಕೋಣೆಯೊಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಒಳಗೆ ಉಸಿರಾಡಿದರೆ ಗಂಟಲು ಉರಿಯುತ್ತಿತ್ತು. ಪುಸ್ತಕದಲ್ಲಿ ಮಾತ್ರ, ಸೀತು, ವಯಸ್ಸು ನಲವತ್ತೆರಡು, ಹಾಜರು.

ಒಂದು ಆಯುಧಪೂಜೆಗೆ ಸೀತುವಿಗೆ ಉತ್ತಮ ಕಾರ್ಮಿಕಳೆಂದು ಬಹುಮಾನ ಬಂತು. ಆಗ ಅವಳು ಸತ್ತು ನಾಲ್ಕು ವರ್ಷವಾಗಿತ್ತು. ಒಂದು ದಿನವೂ ರಜೆ ಮಾಡದವಳೆಂದು ಧಣಿ ಹೊಗಳಿದರು. ಸತ್ತವರು ರಜೆ ಮಾಡುವುದಿಲ್ಲ, ನಿಜವೇ. ಸ್ಟೀಲಿನ ಚೆಂಬನ್ನು ಅಮಿತಾಳ ಕೈಗೆ ಕೊಟ್ಟು, “ಅಬ್ಬಿ ಹೆಸ್ರ್ ಉಳ್ಸ್ದೆ ಮಗಾ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮಿತಾಳೂ ತಟ್ಟಿದಳು.

ವಾರ ವಾರವೂ ಕೂಲಿಯಲ್ಲಿ ಒಂದಿಷ್ಟು ಹಿಡಿಯುತ್ತಿದ್ದರು. ಸೊಸೈಟಿ ಫಂಡು, ನಿಮ್ಮ ಮುಂದಿನ ಕಾಲಕ್ಕೆ, ಎನ್ನುತ್ತಿದ್ದ ಪ್ರೇಮಾನಂದ. ಲಾಕ್‌ಡೌನಿನಲ್ಲಿ ಮುಚ್ಚಿದ ಫ್ಯಾಕ್ಟರಿ ಮತ್ತೆ ತೆರೆಯಲಿಲ್ಲ. ಮುಂದಿನ ಕಾಲ ಬಂತೆಂದು ಹೆಂಗಸರು ಫಂಡು ಕೇಳಲು ಹೋದರು. “ಕಂಪ್ನಿಯೇ ಮುಳ್ಗ್ತ್, ಫಂಡ್ ಎಲ್ಲಿಂದ ಕೊಡುದ್?” ಎಂದು ಪ್ರೇಮಾನಂದ ಕಳಿಸಿದ. ಮುಳುಗಿದ ಕಂಪನಿ ಎರಡು ವರ್ಷದೊಳಗೆ ಮದುವೆ ಹಾಲ್ ಆಗಿ ತೇಲಿತು. ಮುಳುಗಿದ ರೈಟರ್ ಸೊಸೈಟಿಯ ಮ್ಯಾನೇಜರ್ ಆಗಿ ತೇಲಿದ. ಧಣಿಗಳಂತೂ ಆ ಸೊಸೈಟಿಯ ಅಧ್ಯಕ್ಷರೇ ಆಗಿದ್ದರು. ಮುಳುಗಿದ್ದು ಹೆಂಗಸರು ಮಾತ್ರ.

ಈಗ ಆಡಿಟಿನವರು ಮೇಲಿನಿಂದ ಒತ್ತಾಯ ಮಾಡಿ, ಯಾರೂ ಕೇಳದ ಹಣದ ಪಟ್ಟಿ ಹಾಕಿ ಎಂದಿದ್ದರು. ಕಂಪ್ಯೂಟರಿಗೆ ಮುಖ ನೋಡುವ ಅಭ್ಯಾಸವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಉಗುಳಿತು. ಸೊಸೈಟಿಗೆ ಇಪ್ಪತ್ತೈದು ವರ್ಷ ತುಂಬಿದ ಸಡಗರ ಬೇರೆ. ಹಣ ಹಿಂದೆ ಕೊಡುವುದನ್ನೇ ಒಂದು ಕಾರ್ಯಕ್ರಮ ಮಾಡೋಣ ಎಂದರು ಧಣಿಗಳು.

ಅಮಿತಾಳಿಗೆ ಆ ಹಣ ಬೇಕಿತ್ತು. ಕೋಟದ ಗ್ಯಾರೇಜೊಂದರಲ್ಲಿ ಹಳೆ ಸ್ಕೂಟರ್ ಒಂದನ್ನು ನೋಡಿಟ್ಟಿದ್ದಳು. ಹಿಂದೆ ಐಸ್ ಪೆಟ್ಟಿಗೆ ಕಟ್ಟಿದರೆ ಗಂಗೊಳ್ಳಿಯಿಂದ ಮೀನು ತಂದು ಶಂಕರನಾರಾಯಣದವರೆಗೆ ಮನೆಮನೆಗೆ ಮಾರಬಹುದು. ಈಗ ಬಸ್ಸೇ ಗತಿ. ಬುಟ್ಟಿ ಕಂಡರೆ ಕಂಡಕ್ಟರ್ ಮೂಗು ಮುಚ್ಚಿ ರೈಟ್ ಎನ್ನುತ್ತಾನೆ. ಅದೇ ಕಂಡಕ್ಟರನ ಮನೆಯವರು ಅವಳಲ್ಲೇ ಸಂಜೆ ಮೀನು ಕೊಳ್ಳುತ್ತಾರೆ.

ಸೊಸೈಟಿಯಲ್ಲಿ ಪ್ರೇಮಾನಂದ ಗಾಜಿನ ಕೋಣೆಯೊಳಗಿದ್ದ.

“ಓ, ಸೀತು ಮಗ್ಳಾ. ಬಾ, ಕೂಕೋ.”

ಕೂರಲು ಕುರ್ಚಿ ಇರಲಿಲ್ಲ. ತಾಯಿಯ ಮರಣಪತ್ರ ತಾ ಎಂದ. ವಂಶವೃಕ್ಷ ತಾ ಎಂದ. ತಂದೆಯೂ ಇಲ್ಲವಲ್ಲ, ಅವನ ಮರಣಪತ್ರವೂ ಬೇಕು ಎಂದ. ಆಧಾರ್ ಹೊಸದು ಮಾಡಿಸು ಎಂದ.

ತಾಯಿ ಸತ್ತದ್ದು ಕುಂದಾಪುರದಲ್ಲಿ. ಹುಟ್ಟಿದ್ದು ಬೈಂದೂರಿನ ಕಡೆ. ತಂದೆಯ ಮನೆ ಬ್ರಹ್ಮಾವರದ ಹತ್ತಿರ. ಅವನು ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಪಾತ್ರೆ ತೊಳೆದು ಅಲ್ಲೇ ತೀರಿಕೊಂಡವ. ಹೊಸ ತಾಲೂಕುಗಳನ್ನು ಮಾಡಿದ್ದು ಕಚೇರಿ ಜನರಿಗೆ ಹತ್ತಿರವಾಗಲೆಂದು. ಹತ್ತಿರವಾಗಿತ್ತು. ಮೂರೂ ಕಡೆ ಅಲೆಯಬಹುದಿತ್ತು. ಬೈಂದೂರಿನಲ್ಲಿ ಬ್ರಹ್ಮಾವರಕ್ಕೆ ಹೋಗು ಎಂದರು. ಬ್ರಹ್ಮಾವರದಲ್ಲಿ, ನೀವು ಅಳಿಯಸಂತಾನದವರು, ವಂಶದ ಲೆಕ್ಕ ತಾಯಿಯ ಕಡೆಯಿಂದ ಅಲ್ಲವಾ, ಬೈಂದೂರಿನಲ್ಲೇ ಕೇಳು ಎಂದರು. ಅಮಿತಾ ಬೈಸಿಕೊಳ್ಳುತ್ತಾ, ನಿಲ್ಲುತ್ತಾ, ಎದುರಿನವರ ಮುಖ ನೋಡುತ್ತಾ ತಿರುಗಿದಳು. ಯಾವ ಮೇಜಿನವನು ಊಟಕ್ಕೆ ಮುಂಚೆ ಸಿಡುಕುತ್ತಾನೆ, ಯಾವನು ಊಟದ ಮೇಲೆ ಕರಗುತ್ತಾನೆ ಎಂಬುದು ಅವಳಿಗೆ ಬಾಯಿಪಾಠವಾಯಿತು.

ಆಧಾರ್ ಮಾಡುವಲ್ಲಿ ಯಂತ್ರ ಅವಳ ಬೆರಳನ್ನು ಒಪ್ಪಲಿಲ್ಲ.

“ಕೈ ತೊಳ್ಕಂಡ್ ಬಾ” ಎಂದಳು ಅಲ್ಲಿದ್ದವಳು.

ತೊಳೆದು ಬಂದಳು. ಒಪ್ಪಲಿಲ್ಲ. ಮತ್ತೆ ತೊಳೆದಳು.

“ನಿಮ್ಗೆ ಬೆರಳಚ್ಚೇ ಇಲ್ಲೆ ಮಾರಾಯ್ತಿ. ಎಂತ ಕೆಲ್ಸ ಮಾಡುದ್ ನೀವ್?”

ಮಾಡುವುದಲ್ಲ, ಮಾಡಿದ್ದು ಎಂದು ಹೇಳಬೇಕೆನ್ನಿಸಿತು. ಕೊನೆಗೆ ಕಣ್ಣು ತೋರಿಸಿ ಮನುಷ್ಯಳೆಂದು ಒಪ್ಪಿಸಿ ಬಂದಳು.

ಎಲ್ಲ ಕಾಗದ ಜೋಡಿಸಿ ಕೊಟ್ಟ ದಿನ ಪ್ರೇಮಾನಂದ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಕನ್ನಡಕ ತೆಗೆದ.

“ನಿನ್ನ ಅಬ್ಬಿ ಸತ್ತದ್ದ್ ಎರಡ್ ಸಾವ್ರದ ಹದ್ಮೂರಕ್ಕೆ. ಇಲ್ಲ್ ಕಂಡ್ರೆ ಇಪ್ಪತ್ತರ ತನ್ಕ ದುಡ್ಡ್ ಜಮಾ ಆಯ್ತ್. ಸತ್ತವ್ಳ್ ದುಡಿತ್ಳಾ?”

ಅಮಿತಾ ಅವನ ಮುಖ ನೋಡಿದಳು. ತಮಾಷೆ ಮಾಡುತ್ತಿರಬೇಕು ಎಂದುಕೊಂಡಳು. ಮುಖದಲ್ಲಿ ತಮಾಷೆ ಇರಲಿಲ್ಲ.

“ನಾನಲ್ದಾ ದುಡ್ದದ್ದ್ ರೈಟ್ರೆ. ನೀವೇ ಅಲ್ದಾ ಕರ್ದದ್ದ್.” ಅವಳ ಸ್ವರ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

“ರೈಟ್ರಲ್ಲ, ಮ್ಯಾನೇಜ್ರ್. ನೀನ್ ದುಡ್ದದ್ದ್ ಅಂದೇಳಿ ಎಲ್ಲ್ ಬರ್ದಿತ್ತ್? ಒಂದ್ ಕಡೆ ನಿನ್ನ ಹೆಸ್ರ್ ತೋರ್ಸ್ ಕಾಂಬ.”

ಅವನು ಟೈಪು ಮಾಡಿಟ್ಟ ಕಾಗದ ಮುಂದೆ ತಳ್ಳಿದ. ಸಾಯುವವರೆಗಿನ ಹನ್ನೊಂದು ಸಾವಿರ ತಾಯಿಯದು, ಅದನ್ನು ಪಡೆದಿದ್ದೇನೆ. ಉಳಿದ ಎಪ್ಪತ್ತು ಸಾವಿರ ತಪ್ಪಾಗಿ ಜಮೆಯಾದದ್ದು, ಅದರ ಮೇಲೆ ನನಗೆ ಯಾವ ಹಕ್ಕೂ ಇಲ್ಲ. ಕೆಳಗೆ ಸಹಿಗೆ ಜಾಗ.

“ಉಳ್ದದ್ದ್ ಎಲ್ಲಿಗ್ ಹೋತ್ತ್?” ಎಂದು ಕೇಳಿದಳು.

“ಸಮಾಜಸೇವಾ ನಿಧಿಗೆ. ಬಡ ಮಕ್ಳ ವಿದ್ಯಾಭ್ಯಾಸಕ್ಕೆ ಕೊಡುದ್. ಶಾಲಿ ಬಿಡುಕಾಗ ಅಲ್ದಾ ಮಕ್ಳ್? ನಿಂಗೂ ಪುಣ್ಯ ಬತ್ತ್.” ಅವನು ನಿಜವಾಗಿಯೂ ಹಾಗೆ ನಂಬಿದವನಂತೆ ಹೇಳಿದ. “ಆಯ್ತವಾರ ಹಾಲಿಗೆ ಬಾ. ಧಣಿಗಳೇ ಸ್ಟೇಜಿನ ಮೇಲೆ ಕೊಡ್ತ್ರ್. ಸಹಿ ಅಲ್ಲೇ ಹಾಕ್ರೆ ಸಾಕ್. ಒಳ್ಳೆ ಸೀರಿ ಉಟ್ಕಂಡ್ ಬಾ, ಪೇಪ್ರಿನವ್ರ್ ಬತ್ರ್. ಮೀನ್ ವಾಸ್ನಿ ಬಪ್ಪುಕಾಗ.”

ಮನೆಯಲ್ಲಿ ಜಲಜ ಹಣೆ ಹಣೆ ಬಡಿದುಕೊಂಡಳು. ಬೈದಳು. ಪ್ರೇಮಾನಂದನ ಅಜ್ಜನವರೆಗೂ ಹೋಗಿ ಬೈದು ಬಂದಳು. ಆಮೇಲೆ ಉಸಿರು ಬಿಟ್ಟು, “ಕೊಟ್ಟದ್ದ್ ತಕಂಡ್ ಬಾ ಹೆಣ್ಣೆ” ಎಂದಳು. “ಧಣಿ ಎದ್ರ್ ನಿಂತ್ರೆ ನಾಳೆ ಪೇಟ್ಯಗೆ ಬುಟ್ಟಿ ಇಡುಕೆ ಬಿಡ್ತ್ರಾ ನಮ್ಮನ್ನ್?”

ಅಮಿತಾ ಮೀನು ಕಟ್ಟುವ ಪೇಪರಿನ ರಾಶಿ ಪಕ್ಕಕ್ಕೆ ಸರಿಸಿ ಕುಳಿತು ಬರೆದಳು. ಅಕ್ಷರ ದುಂಡಗೇ ಇತ್ತು. ಎಂಟನೆಯ ಕ್ಲಾಸಿನ ಅಕ್ಷರ. ಬರೆದದ್ದನ್ನು ಇನ್ನೊಂದು ಹಾಳೆಯ ಮೇಲೆ ನಕಲು ಮಾಡಿದಳು.

ಭಾನುವಾರ ಮದುವೆ ಹಾಲಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಕಟಿಂಗ್ ಮಿಷನ್ನುಗಳ ಸಾಲು ಇದ್ದಲ್ಲಿ ಕೆಂಪು ಹೊದಿಕೆಯ ಕುರ್ಚಿಗಳು. ಸಿಪ್ಪೆಯ ಕೋಣೆ ಈಗ ಮದುಮಗಳು ಸೀರೆ ಉಡುವ ಕೋಣೆ. ಬಾಗಿಲಿಗೆ ಕನ್ನಡಿ ಹಾಕಿದ್ದರು. ಅಮಿತಾ ಜಲಜನ ಪಕ್ಕದಲ್ಲಿ ಕುಳಿತು ಸುತ್ತ ನೋಡಿದಳು. ಹಳೆ ಫ್ಯಾಕ್ಟರಿಯ ಹೆಂಗಸರು ಕೆಲವರು ಹಿಂದಿನ ಸಾಲಿನಲ್ಲಿದ್ದರು. ಅವಳ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದ ಸರಸ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಸೆರಗಿಗೆ ಒರೆಸುತ್ತಾ ನಿಂತಿದ್ದಳು. ಅವಳಿಗೆ ಈಗ ಇಲ್ಲೇ ಪಾತ್ರೆ ತೊಳೆಯುವ ಕೆಲಸ.

ಗೋವರ್ಧನ ಧಣಿ ದೀಪ ಬೆಳಗಿದರು. ಮೈಕ್ ಹಿಡಿದರು. ಬೆವರಿನ ಹಣ ಬೆವರು ಸುರಿಸಿದವರಿಗೇ ಸೇರಬೇಕು ಎಂದರು. ಒಂದು ರೂಪಾಯಿಯಾದರೂ ಬೇರೆಯವರದು ನಮಗೆ ಬೇಡ ಎಂದರು. ಹಾಲಿನಲ್ಲಿ ಏಸಿ ಇದ್ದುದರಿಂದ ಅವರು ಬೆವರಲಿಲ್ಲ.

“ದಿವಂಗತ ಸೀತು. ಅವರ ಪರವಾಗಿ ಮಗಳು” ಎಂದು ಮೈಕಿನಲ್ಲಿ ಕರೆದರು.

ಸ್ಟೇಜಿನ ಕೆಳಗೆ ಮೇಜು. ಮೊದಲು ಅಲ್ಲಿ ಸಹಿ, ಆಮೇಲೆ ಮೇಲೆ ಫೋಟೋ. ಪ್ರೇಮಾನಂದ ಪೆನ್ನಿನ ಮುಚ್ಚಳ ತೆಗೆದು ಹಿಡಿದ. ಅಮಿತಾ ಪೆನ್ನು ಮುಟ್ಟಲಿಲ್ಲ. ತಾನು ತಂದ ಕಾಗದವನ್ನೂ ಅದರ ನಕಲನ್ನೂ ಮೇಜಿನ ಮೇಲಿಟ್ಟಳು.

“ಎಂತ ಇದ್?”

“ಅರ್ಜಿ. ಬಂದಿತ್ತ್ ಅಂದೇಳಿ ನಕಲಿನ್ ಮೇಲೆ ಸೀಲ್ ಒತ್ತಿ ಕೊಡಿ.”

ಪ್ರೇಮಾನಂದ ಓದಿದ. ಮೊದಲು ಬೇಗ ಓದಿದ, ಆಮೇಲೆ ನಿಧಾನ. ತಾಯಿ ಸತ್ತ ಮುಂದಿನ ತಿಂಗಳಿನಿಂದ ಫ್ಯಾಕ್ಟರಿ ಮುಚ್ಚುವವರೆಗೆ ಸೀತು ಎಂಬ ಹೆಸರಿನಲ್ಲಿ ದುಡಿದವಳು ಅಮಿತಾ ಎಂಬ ನಾನು. ಸೇರಿಸಿಕೊಂಡಾಗ ನನಗೆ ಹದಿನಾಲ್ಕು ತುಂಬಿರಲಿಲ್ಲ. ಬರಹೇಳಿದವರು ರೈಟರ್ ಪ್ರೇಮಾನಂದ. ಫ್ಯಾಕ್ಟರಿ ಗೋವರ್ಧನರದು. ತನಿಖೆಯ ದಿನ ನನ್ನನ್ನು ಸಿಪ್ಪೆಯ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಹನ್ನೊಂದು ಸಾವಿರ ನನ್ನ ತಾಯಿಯದು, ಎಪ್ಪತ್ತು ಸಾವಿರ ನನ್ನದು, ಎರಡೂ ಕೊಡಬೇಕು. ಇದರ ಪ್ರತಿ ಕಾರ್ಮಿಕ ಇಲಾಖೆಗೆ.

ಅವನು ಸ್ಟೇಜಿನ ಕಡೆ ನೋಡಿದ. ಧಣಿಗಳು ನಗುತ್ತಲೇ ಇಳಿದು ಬಂದರು. ಕಾಗದ ಓದುವಾಗಲೂ ನಗುತ್ತಿದ್ದರು. ನಗು ಬಾಯಲ್ಲೇ ನಿಂತು ಒಣಗಿತು.

“ಎಂತ ಮಗಾ ಇದ್? ನೀನ್ ನಮ್ಮನೆ ಹೆಣ್ಣ್. ನಿನ್ನ ಅಬ್ಬಿಯನ್ನ್ ನಾನ್ ಎಂದಾದ್ರೂ ಬೇರೆ ಕಂಡಿದ್ನಾ?” ಎಂದು ಸ್ವರ ತಗ್ಗಿಸಿದರು. “ಎಪ್ಪತ್ತ್ ಸಾವ್ರ ಅಲ್ದಾ? ನಾನೇ ಕೊಡ್ತೆ, ನನ್ನ ಕೈಯಿಂದ. ಬೇಕಾರೆ ಈಗ್ಲೇ. ಈ ಕಾಗ್ದ ಹರ್ದ್ ಹಾಕ್.”

ಹಿಂದೆಯೇ ಬಂದು ನಿಂತಿದ್ದ ಜಲಜ ಅಮಿತಾಳ ತೋಳು ಚಿವುಟಿದಳು. ಹೂಂ ಎನ್ನು ಎಂಬಂತೆ ಚಿವುಟಿದಳು. ಎಪ್ಪತ್ತು ಸಾವಿರ. ಸ್ಕೂಟರ್, ಪೆಟ್ಟಿಗೆ, ಮೇಲೆ ಒಂದಿಷ್ಟು ಉಳಿತಾಯ. ಅಮಿತಾ ಧಣಿಯ ಕೈ ನೋಡಿದಳು. ಕೈ ಜೇಬಿನ ಮೇಲಿತ್ತು. ಚೆಂಬು ಕೊಟ್ಟ ಕೈ ಅದೇ.

“ನೀವ್ ಕೊಡುದ್ ಬ್ಯಾಡ ಧಣಿ. ನಂದ್ ನಂಗೆ ಕೊಡಿ. ಅಮಿತಾ ದುಡ್ದದ್ದ್ ಅಂದೇಳಿ ಬರ್ದ್ ಕೊಡಿ.”

“ಎರಡೂ ಒಂದೇ ಅಲ್ದಾ?”

“ಒಂದೇ ಆರೆ ಬರ್ದ್ ಕೊಡಿ.”

ಪ್ರೇಮಾನಂದ ಮುಂದೆ ಬಾಗಿದ. “ಹೆಣ್ಣೆ, ಬೇರೆಯವ್ರ್ ಹೆಸ್ರಗೆ ದುಡ್ಡ್ ತಕಂಡದ್ದ್ ಮೋಸ ಅಂದೇಳಿ ಗೊತ್ತಿತ್ತಾ ನಿಂಗೆ? ಈ ಅರ್ಜಿ ಒಳ್ಗ್ ತಕಂಡ್ರೆ ಪೋಲೀಸ್ ಕೇಸ್ ಮೊದ್ಲ್ ಆಪುದ್ ನಿನ್ನ ಮೇಲೆ. ಸೀತು ಅಂದೇಳಿ ಏಳ್ ವರ್ಷ ಎಲ್ಲರ ಕಣ್ಣಿಗ್ ಮಣ್ಣ್ ಹಾಕಿದ್ದಕ್ಕೆ.”

ಅಮಿತಾ ಮೇಜಿನ ಅಂಚು ಹಿಡಿದುಕೊಂಡಳು. ಆದರೆ ಮಾತು ಬಂತು, ಮತ್ತು ಈ ಸಲ ಅವಳಿಗೂ ಕೇಳಿಸಿತು, ಹಿಂದಿನ ಸಾಲಿಗೂ ಕೇಳಿಸಿತು.

“ಕೇಸ್ ಹಾಕಿ. ಹಾಕುಕೆ ಮೊದ್ಲ್ ಪೋಲೀಸ್ರ್ ಕಾಗ್ದದಗೆ ಬರಿಕ್ ಅಲ್ದಾ, ಏಳ್ ವರ್ಷ ಇಲ್ಲ್ ಕೂಕಂಡ್ ದುಡ್ದದ್ದ್ ಅಮಿತಾ ಅಂದೇಳಿ? ನೀವ್ ಬರ್ದ್ ಕೊಡುದಿಲ್ಲೆ ಅಂತ್ರಿ. ಅವ್ರಾರೂ ಬರಿಲಿ. ಅದ್ರ ನಕಲ್ ತಂದ್ ನಿಮ್ಗೆ ಕೊಡ್ತೆ.”

ಪೇಪರಿನವನು ಊಟದ ಕಡೆ ಹೊರಟಿದ್ದವ ನಿಂತು ಇತ್ತ ನೋಡಿದ. ಅಡುಗೆಮನೆಯ ಬಾಗಿಲಿನಿಂದ ಸರಸ ಬಂದಳು. ಕೈಯಲ್ಲಿ ಇನ್ನೂ ಸೋಪಿನ ನೊರೆ ಇತ್ತು.

“ಹ್ವಾಯ್ ರೈಟ್ರೆ, ನನ್ನ ಅತ್ತಿ ಹೆಸ್ರೂ ಒಂಚೂರ್ ಕಾಣಿ ಅದ್ರಗೆ. ಅವ್ಳೂ ಸತ್ತ್ ಮೇಲೆ ಭಾರಿ ಕೆಲ್ಸ ಮಾಡಿದ್ಲ್. ಇದ್ದತಿಗೆ ಅಷ್ಟ್ ಮಾಡ್ಲಿಲ್ಲೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಬ್ಬಳು ಎದ್ದಳು. ಇನ್ನಿಬ್ಬರು ಅವಳ ಸೆರಗು ಎಳೆದು ಕೂರಿಸಿದರು. ಊಟ ಮುಗಿಸಿಯೇ ಮಾತಾಡುವ ಎಂದರು. ಕೆಲವರು ಆಗಲೇ ಎಲೆ ಹಾಕಿದಲ್ಲಿಗೆ ನಡೆದಿದ್ದರು. ಎದ್ದವಳು ಮಾತ್ರ ಸೆರಗು ಬಿಡಿಸಿಕೊಂಡು ಸರಸಳ ಹಿಂದೆ ಬಂದು ನಿಂತಳು.

ಪೇಪರಿನವನು ಹತ್ತಿರ ಬಂದು, “ಎಂತ ವಿಷ್ಯ?” ಎಂದ. ಧಣಿಗಳು ಅವನ ಹೆಗಲ ಮೇಲೆ ಕೈ ಹಾಕಿ, “ಎಂತ ಇಲ್ಲೆ, ಒಂದ್ ಅರ್ಜಿ. ನೀವ್ ಊಟ ಮಾಡಿನಿ” ಎಂದರು. ಅವನು ಹೋಗಲಿಲ್ಲ. ಧಣಿಗಳು ತಿರುಗಿ ಹಲ್ಲು ಕಚ್ಚಿ, “ಒತ್ತಿ ಕಳ್ಸಾ ಅತ್ಲಾಗೆ” ಎಂದರು.

ಪ್ರೇಮಾನಂದ ಸೀಲಿನ ಪೆಟ್ಟಿಗೆ ಎಳೆದ. ಪ್ಯಾಡಿಗೆ ತಾಗಿಸಿದಂತೆ ಮಾಡಿ ನಕಲಿನ ಮೂಲೆಯಲ್ಲಿ ಒತ್ತಿದ. ಸಹಿ ಎಂದು ಒಂದು ಗೀರು ಎಳೆದು, ಮುಖ ನೋಡದೆ ನೂಕಿದ.

ಜಲಜ ಅಮಿತಾಳ ತೋಳು ಹಿಡಿದು, “ಆಯ್ತಲ್ದಾ, ನಡಿ” ಎಂದಳು. ನಾಳೆ ಬುಟ್ಟಿ ಎಲ್ಲಿಡುವುದೆಂದು ಅವಳು ಆಗಲೇ ಯೋಚಿಸುತ್ತಿದ್ದಳು.

ಅಮಿತಾ ಹೊರಡಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ತಾರೀಖು ಓದಲು ಬರುತ್ತಿರಲಿಲ್ಲ. ಸೊಸೈಟಿಯ ಹೆಸರು ಅರ್ಧ ಮಾತ್ರ ಮೂಡಿತ್ತು. ಅವಳು ಅದನ್ನು ಮೇಜಿನ ಮೇಲೆ ಹರಡಿ, ಸುಕ್ಕು ಸರಿಮಾಡಿ, ಅವನ ಮುಂದೆ ಇಟ್ಟಳು.

“ಸಮ ಬೀಳ್ಲಿಲ್ಲೆ. ಇನ್ನೊಂದ್ ಸಲ ಒತ್ತಿ.”